ಕನ್ನಡಿ ಕಚೇರಿಯ ಐದನೇ ಕಂಬ

2024ರ ಫೆಬ್ರವರಿ 10, ಎರಡನೇ ಶನಿವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಮಹೀನ್ ತನ್ನ ಸ್ಕೂಟರನ್ನು ಮಂಡಿಪೇಟೆಯ ಕನ್ನಡಿ ಕಚೇರಿಯ ಮುಂದೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ತಲೆ ಎತ್ತಿ ನೋಡಿದಳು. ಸರಸ್ವತಿ ನಗರದ ಅವಳ ಮನೆಯಿಂದ ಇಲ್ಲಿಗೆ ಹನ್ನೆರಡು ನಿಮಿಷದ ದಾರಿ. ಆದರೂ ಈ ಬಾಗಿಲೊಳಗೆ ಅವಳು ಕಾಲಿಟ್ಟು ಇಪ್ಪತ್ತಾರು ವರ್ಷವಾಗಿತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಊಟದ ಡಬ್ಬಿ ಹಿಡಿದು ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದೇ ಕೊನೆ. ಇವತ್ತು ಬಂದದ್ದು ಅಪ್ಪ ಮುಗಿಸುತ್ತಿದ್ದ ಒಂದು ಕಂಬ ನೋಡಿ, ಒಂದು ಫೋಟೋ ತೆಗೆದುಕೊಂಡು, ಊಟದ ಹೊತ್ತಿಗೆ ಮನೆಗೆ ಮರಳುವುದಕ್ಕೆ. ಆದರೆ ಆ ಊಟದ ಹೊತ್ತಿಗೆ ಅವಳು ಒಬ್ಬ ಮನುಷ್ಯನ ಎರಡು ಕಣ್ಣುಗಳಿಗೆ ಹೊಣೆಯಾಗಿ ಆಸ್ಪತ್ರೆಯಲ್ಲಿ ಕೂತಿದ್ದಳು.

ಕಟ್ಟಡ ಎರಡು ಅಂತಸ್ತಿನದು. ಎರಡು ಬೀದಿ ಕೂಡುವ ಮೂಲೆಯಲ್ಲಿ ಅದರ ಮುಂಭಾಗ ಮಡಕೆಯ ಹೊಟ್ಟೆಯಂತೆ ದುಂಡಗೆ ತಿರುಗಿತ್ತು. ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಪುಟ್ಟ ಕಮಾನುಗಳನ್ನು ಹೆಣೆದು ಮಾಡಿದ ಸೂರು. ಹತ್ತಿಯ ವ್ಯಾಪಾರ ಊರನ್ನು ಆಳುತ್ತಿದ್ದ ಕಾಲದಲ್ಲಿ, 1936ರಲ್ಲಿ, ಈಗಿನ ಯಜಮಾನ ಮುರುಗೇಶಪ್ಪನವರ ಅಜ್ಜ ಇದನ್ನು ತಮ್ಮ ಕಚೇರಿಗೆಂದು ಕಟ್ಟಿಸಿದ್ದು. ಕೆಳಗಿನ ಹಜಾರದಲ್ಲಿ ಎಂಟು ಕಂಬ. ಒಂದೊಂದಕ್ಕೂ ಸುಣ್ಣದ ಗಾರೆ ಬಳಿದು, ಮಾರ್ಬಲ್ ಪುಡಿ ಸೇರಿಸಿ, ನುಣುಪು ಕಲ್ಲಿನಿಂದ ದಿನಗಟ್ಟಲೆ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದರು. ಗುಮಾಸ್ತರು ಸಾಹುಕಾರರ ಮುಂದೆ ಹೋಗುವ ಮೊದಲು ಕಂಬದಲ್ಲಿ ನೋಡಿಕೊಂಡು ರುಮಾಲು ಸರಿಮಾಡಿಕೊಳ್ಳುತ್ತಿದ್ದರಂತೆ. ಊರು ಅದಕ್ಕೆ ಕನ್ನಡಿ ಕಚೇರಿ ಎಂದಿತು. ಈಗ ಮೇಲಂತಸ್ತಿನಲ್ಲಿ ಇಬ್ಬರು ವಕೀಲರು ಮತ್ತೊಬ್ಬ ಆಡಿಟರ್, ಕೆಳಗೆ ಒಂದು ಸಹಕಾರ ಸಂಘ. ರಜೆಯಾದ್ದರಿಂದ ಎಲ್ಲಕ್ಕೂ ಬೀಗ.

ಹಜಾರದೊಳಗೆ ತಂಪಿತ್ತು. ಐದನೇ ಕಂಬದ ಬುಡದಲ್ಲಿ ಅವಳ ಅಪ್ಪ ಮೌಲಾ ಸಾಬ್ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಗಳ ಹೆಜ್ಜೆ ಸದ್ದಿಗೆ ಕೈಯಲ್ಲಿದ್ದ ಕರಣೆಯನ್ನು ನೆಲದ ಮೇಲಿಟ್ಟು ಎದ್ದು ನಿಂತರು.

"ಬಾ ಬೇಟಾ. ಚಪ್ಪಲಿ ಅಲ್ಲೇ ಬಿಡು, ಸುಣ್ಣ ತುಳಿದೀಯ."

"ಎಪ್ಪತ್ತೊಂದಾಯ್ತು, ಸಾರುವೆ ಹತ್ತಬ್ಯಾಡ್ರಿ ಅಂದಿದ್ನಲ್ಲ ಅಬ್ಬಾ?"

"ಸಾರುವೆ ಎಲ್ಲೈತೆ? ನೆಲದ ಮ್ಯಾಲೇ ನಿಂತೀನಿ. ನಿಮ್ಮ ಕಾಲೇಜಿನ ಹುಡುಗ್ರಿಗೆ ಬೈದಂಗೆ ಬೈಬ್ಯಾಡ."

ಮುರುಗೇಶಪ್ಪನವರು ಹಳೆಯ ಬೆಂಚಿನ ಮೇಲಿಂದ ನಕ್ಕರು. ಅರವತ್ತಾರು ವರ್ಷದ ತೆಳ್ಳನೆಯ ಮನುಷ್ಯ, ಹೆಗಲ ಮೇಲೆ ಬಿಳಿ ಶಲ್ಯ. "ಊರಿಗೆಲ್ಲ ಹುಲಿ ನಮ್ಮ ಸಾಬ್ರು. ಮಗಳು ಬಂದ್ರೆ ಇಲಿ. ಹೆಂಗೈತ್ರಿ ಮೇಡಂ ಕಂಬ?"

ಮಹೀನ್ ಹತ್ತಿರ ಹೋಗಿ ನೋಡಿದಳು. ಹೋದ ವರ್ಷ ಯಾರೋ ಈ ಒಂದು ಕಂಬಕ್ಕೆ ಎಣ್ಣೆ ಬಣ್ಣ ಬಳಿದು ಹಾಳು ಮಾಡಿದ್ದರು. ಅದನ್ನು ಕೆರೆದು ತೆಗೆದು ಹೊಸ ಗಾರೆ ಮೆತ್ತಲು ಅಪ್ಪನಿಗೆ ಇಪ್ಪತ್ತಮೂರು ದಿನ ಹಿಡಿದಿತ್ತು. ಬುಡದ ಒಂದು ಮೊಳ ಬಿಟ್ಟರೆ ಉಳಿದದ್ದೆಲ್ಲ ಹೊಳೆಯುತ್ತಿತ್ತು. ಅದರೊಳಗೆ ಅವಳ ಮುಖ ಇತ್ತು.

"ಮೂಗು ಸ್ವಲ್ಪ ಉದ್ದ ಕಾಣ್ತೈತೆ," ಎಂದಳು.

"ಅದು ಕಂಬದ ತಪ್ಪಲ್ಲವ್ವ," ಎಂದಳು ಕಟ್ಟಡ ಗುಡಿಸುವ ಓಬವ್ವ, ಪೊರಕೆ ನಿಲ್ಲಿಸದೆ.

ಹನ್ನೆರಡು ಗಂಟೆಗೆ ಬೆಂಗಳೂರಿನಿಂದ ಮೂವರ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಕನ್ನಡಿ ಕಚೇರಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುತ್ತದೆ. ಸೇರಿದ ಮೇಲೆ ಯಾರೂ ಅದನ್ನು ಕೆಡವುವಂತಿಲ್ಲ. ಮುರುಗೇಶಪ್ಪನವರಿಗೆ ಬೇಕಿದ್ದುದು ಅದೇ. ಅವರ ತೀರಿಕೊಂಡ ತಮ್ಮನ ಮಗ ಅಂಜನಕುಮಾರನಿಗೆ ಬೇಡವಾಗಿದ್ದುದೂ ಅದೇ. ಅಣ್ಣತಮ್ಮಂದಿರ ಪಾಲುಪತ್ರದಲ್ಲಿ ಹಜಾರವನ್ನು ಕಂಬ ಲೆಕ್ಕದಲ್ಲಿ ಹಂಚಿದ್ದರು: ಒಂದರಿಂದ ನಾಲ್ಕು ಹಿರಿಯನಿಗೆ, ಐದರಿಂದ ಎಂಟು ಕಿರಿಯನಿಗೆ. ಮೌಲಾ ಸಾಬರು ಇಪ್ಪತ್ತಮೂರು ದಿನ ಉಜ್ಜಿದ ಐದನೇ ಕಂಬ ಕಾಗದದ ಪ್ರಕಾರ ಅಂಜನಕುಮಾರನದು.

ಹತ್ತು ಐವತ್ತೆರಡಕ್ಕೆ ಅವನು ಬಂದ. ಮೂವತ್ತೆಂಟರ ದಪ್ಪ ಮೈ, ಕೆಂಪಾದ ಮುಖ. ಹಿಂದೆ ಇಬ್ಬರು ಆಳುಗಳು. ಒಬ್ಬ ಅಬ್ರಾರ್, ಹಳೆ ಮನೆ ಕೆಡವುವ ಕೆಲಸದವನು, ಭುಜದ ಮೇಲೆ ಸಮ್ಮಟಿಗೆ. ಇನ್ನೊಬ್ಬನ ಕೈಯಲ್ಲಿ ಹಾರೆ.

"ನನ್ನ ಕಂಬಕ್ಕೆ ಪೌಡರ್ ಹಚ್ಚು ಅಂತ ನಿನಗ್ಯಾರು ಹೇಳಿದ್ರೋ ಮುದುಕ?"

"ಅಂಜನಿ, ಬಾಯಿ ಬಿಗಿಹಿಡಿ," ಎಂದು ಮುರುಗೇಶಪ್ಪನವರು ಎದ್ದರು. "ಸಾಬ್ರು ನಿಮ್ಮಪ್ಪಗಿಂತ ಹಿರೇರು."

"ದೊಡ್ಡಪ್ಪ, ಬೆಂಗಳೂರಿನವರು ಬರ್ಲಿ, ನಾನೇನು ಬ್ಯಾಡ ಅನ್ನಲ್ಲ. ನಿಮ್ಮ ನಾಲ್ಕು ಕಂಬ ತೋರಿಸ್ರಿ, ಚಾ ಕುಡಿಸ್ರಿ, ಕಳಿಸ್ರಿ. ನನ್ನ ನಾಲ್ಕರ ಗಾರೆ ಈಗ ಕೆಡವ್ತೀನಿ."

"ನಮ್ಮಜ್ಜ ಕಟ್ಟಿಸಿದ್ದೋ ಇದು!"

"ಹೊಳಪು ಹೋತು ಅಂದ್ರೆ ಇದು ಬರೀ ಹಳೇ ಇಟ್ಟಿಗೆ. ಯಾರ್ ಬರ್ತಾರ ನೋಡೋಕೆ?"

ಅವನು ಅಬ್ರಾರನ ಭುಜದಿಂದ ಸಮ್ಮಟಿಗೆಯನ್ನು ಕಿತ್ತುಕೊಂಡು ಬೀಸಿದ. ಕಬ್ಬಿಣ ಐದನೇ ಕಂಬದ ಎದೆಗೆ ಬಿತ್ತು. ಗಾರೆ ಒಡೆಯುವಾಗ ಮಡಕೆಯ ಸದ್ದಲ್ಲ, ಎಲುಬಿನ ಸದ್ದು ಬಂತು. ತಟ್ಟೆಯಗಲದ ಬಿಲ್ಲೆಯೊಂದು ಹಾರಿ ಮಹೀನಳ ಕಾಲ ಬಳಿ ಚೂರಾಯಿತು. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ಮುರುಗೇಶಪ್ಪನವರು ನಡುವೆ ಬಂದು ಅವನ ಅಂಗಿ ಹಿಡಿದರು. ಅಂಜನಕುಮಾರ ನೋಡಲೂ ಇಲ್ಲ, ಮೊಣಕೈಯಿಂದ ನೂಕಿದ. ಮುದುಕರು ಹಿಂದಕ್ಕೆ ಹೋಗಿ ನಾಲ್ಕನೇ ಕಂಬಕ್ಕೆ ತಲೆ ಬಡಿದುಕೊಂಡು ಕುಸಿದರು. ಹೊಳೆಯುವ ಗಾರೆಯ ಮೇಲೆ ರಕ್ತ ಕೆಳಗಿನವರೆಗೂ ತೆಳ್ಳಗೆ ಇಳಿಯಿತು. ಆ ನುಣುಪಿನಲ್ಲಿ ಅದು ಎಲ್ಲೂ ನಿಲ್ಲಲಿಲ್ಲ.

"ಯಪ್ಪಾ, ಕೊಂದ್ನಲ್ಲೋ!" ಎಂದು ಓಬವ್ವ ಕಿರುಚಿದಳು.

ಮೌಲಾ ಸಾಬ್ ಎಡಗೈಯಿಂದ ಸಮ್ಮಟಿಗೆಯ ಮರದ ಕಾವು ಹಿಡಿದುಕೊಂಡರು. "ನನ್ನ ಕೆಲಸ ಒಡಿ ಪರವಾಗಿಲ್ಲ, ದೊಡ್ಡಪ್ಪನ ಮ್ಯಾಲೆ ಕೈ ಮಾಡ್ತೀಯೇನೋ?" ಅಂಜನಕುಮಾರ ಕಾವನ್ನು ಅಡ್ಡ ಹಿಡಿದು ಅವರನ್ನು ಐದನೇ ಕಂಬಕ್ಕೆ ಒತ್ತಿದ. ಕಾವು ಮೊದಲು ಎದೆಯ ಮೇಲಿತ್ತು, ಆಮೇಲೆ ಗಂಟಲ ಮೇಲೆ ಬಂತು. ಅವನು ಇಡೀ ಮೈಭಾರ ಹಾಕಿದ. ಮೌಲಾ ಸಾಬರ ಹಿಮ್ಮಡಿಗಳು ನೆಲ ಬಿಟ್ಟವು. ಬಾಯಿ ತೆರೆಯಿತು, ಸದ್ದು ಬರಲಿಲ್ಲ.

"ಅಣ್ಣಾ ಸಾಕು, ಸಾಯ್ತಾನ," ಎಂದ ಅಬ್ರಾರ್. ಆದರೆ ಮುಂದೆ ಬರಲಿಲ್ಲ.

ಮಹೀನ್ ಹಿಂದಿನಿಂದ ಅಂಜನಕುಮಾರನ ಕೊರಳಪಟ್ಟಿ ಹಿಡಿದು ಜಗ್ಗಿದಳು. ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು. ಬಾಯೊಳಗೆ ಏನೋ ಮುರಿದು ನಾಲಗೆಯ ಮೇಲೆ ಕಲ್ಲಿನಂತೆ ಉರುಳಿತು. ಅವಳು ಬಿದ್ದದ್ದು ಅಪ್ಪನ ಎರಡು ಬಾಂಡ್ಲಿಗಳ ನಡುವೆ. ಎರಡರಲ್ಲೂ ಬಿಳಿ ಪುಡಿ. ತಲೆ ಎತ್ತಿದರೆ ಅಪ್ಪನ ತುಟಿ ನೀಲಿಯಾಗಿತ್ತು.

ಆ ಬಾಂಡ್ಲಿಗಳ ವ್ಯವಸ್ಥೆ ಅವಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಹರಿಹರದ ಹಿತ್ತಲಲ್ಲಿ ಕೂತು ಅಪ್ಪನಿಗೆ ಪುಡಿ ಜರಡಿ ಹಿಡಿದುಕೊಟ್ಟವಳು ಅವಳು. ಕಂಬಕ್ಕೆ ಮುಖ ಮಾಡಿದವನ ಎಡಕ್ಕೆ ಮಾರ್ಬಲ್ ಪುಡಿ, ಬಲಕ್ಕೆ ನೀರು ಹಾಕಿ ಅರಳಿಸಿ ವಸ್ತ್ರಗಾಳಿಸಿದ ಸುಣ್ಣ. ಬಲಗೈಯಲ್ಲಿ ಕರಣೆ ಇರುತ್ತದೆ, ಪದೇಪದೇ ಬೇಕಾಗುವ ಮಾರ್ಬಲ್ ಪುಡಿ ಬಿಡುವಾಗಿರುವ ಎಡಗೈಗೆ ಸಿಗಬೇಕು. ನಲವತ್ತು ವರ್ಷದಲ್ಲಿ ಅಪ್ಪ ಒಮ್ಮೆಯೂ ಇದನ್ನು ಬದಲಿಸಿರಲಿಲ್ಲ. ಮಾರ್ಬಲ್ ಪುಡಿ ಕಣ್ಣಿಗೆ ಬಿದ್ದರೆ ಎರಡು ನಿಮಿಷ ಉರಿ, ಒಂದಷ್ಟು ಕಣ್ಣೀರು, ಅಷ್ಟೇ. ಅವನು ಕಣ್ಣುಜ್ಜಿಕೊಳ್ಳಲು ಕೈ ಬಿಟ್ಟರೆ ಸಾಕು.

ಅವಳು ಎಡದ ಬಾಂಡ್ಲಿಗೆ ಕೈ ಹಾಕಿ ಹಿಡಿ ತುಂಬ ತೆಗೆದು, ಎದ್ದು, ಒಂದು ಮೊಳ ದೂರದಿಂದ ಅವನ ಮುಖಕ್ಕೆ ಹೊಡೆದಳು.

ಕಾವು ನೆಲಕ್ಕೆ ಬಿತ್ತು. ಮೌಲಾ ಸಾಬ್ ಕಂಬದ ಗುಂಟ ಜಾರಿ ಕೂತು, ಹರಿದ ತಿದಿಯಂತೆ ಉಸಿರೆಳೆದರು. ಅಂಜನಕುಮಾರ ಸೀನಲಿಲ್ಲ, ಬೈಯಲಿಲ್ಲ. ಎರಡು ಕೈಯಿಂದ ಮುಖ ಮುಚ್ಚಿಕೊಂಡು, ಅಡಿಹೊಟ್ಟೆಯಿಂದ ಕೂಗಿದ. ಕುರಿ ಕಡಿಯುವಾಗ ಬರುವಂಥ ಕೂಗು.

ಮಹೀನ್ ತನ್ನ ಕೈ ನೋಡಿಕೊಂಡಳು. ಬಾಯಿಯ ರಕ್ತ ತಾಗಿದ ಬೆರಳುಗಳಿಗೆ ಪುಡಿ ಮೆತ್ತಿಕೊಂಡಿತ್ತು. ಉಜ್ಜಿದಳು. ಸೋಪಿನಂತೆ ಜಾರಿತು. ಮಾರ್ಬಲ್ ಪುಡಿ ಜಾರುವುದಿಲ್ಲ, ತರಿತರಿಯಾಗಿ ಚುಚ್ಚುತ್ತದೆ. ಹದಿಮೂರು ವರ್ಷದಿಂದ ಪಿಯು ಹುಡುಗರಿಗೆ ರಸಾಯನ ವಿಜ್ಞಾನ ಹೇಳುವವಳಿಗೆ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಿರಲಿಲ್ಲ. ಸುಣ್ಣ. ಆಮ್ಲ ಕಣ್ಣಿನ ಮೇಲ್ಪದರವನ್ನು ಸುಟ್ಟು ಅಲ್ಲೇ ನಿಲ್ಲಬಹುದು. ಕ್ಷಾರ ನಿಲ್ಲುವುದಿಲ್ಲ. ಜೀವಕೋಶದ ಕೊಬ್ಬನ್ನು ಕರಗಿಸುತ್ತ ಒಳಕ್ಕೆ, ಇನ್ನೂ ಒಳಕ್ಕೆ ಹೋಗುತ್ತದೆ. ಗೋಡೆಯ ಗಡಿಯಾರ ಹತ್ತು ಐವತ್ತೇಳು ತೋರಿಸುತ್ತಿತ್ತು.

"ಅಬ್ಬಾ! ಬಾಂಡ್ಲಿ ಯಾಕ ತಿರುಗಿಸಿಟ್ರಿ?"

ಮೌಲಾ ಸಾಬರ ಗಂಟಲಿನಿಂದ ಗಾಳಿಯಷ್ಟೇ ಬಂತು. "ಬಲಗೈ... ಮ್ಯಾಲೆ ಏಳ್ತಿಲ್ಲ ಬೇಟಾ. ನಾಲ್ಕು ತಿಂಗಳಾತು. ಎಡಗೈಲೇ ಮಾಡ್ತೀನಿ. ನಿನಗೆ ಹೇಳಿದ್ರೆ ಕೆಲಸ ಬಿಡಿಸ್ತಿದ್ದಿ."

ಬಲಭುಜ ಬಿಗಿದುಹೋದ ಅಪ್ಪ, ಮಗಳಿಗೆ ಹೆದರಿ, ಕರಣೆಯನ್ನು ಎಡಗೈಗೆ ಬದಲಿಸಿ, ಪುಡಿಗಳ ಜಾಗವನ್ನೂ ಬದಲಿಸಿಕೊಂಡಿದ್ದರು. ಅವಳು ಒಳಗೆ ಬಂದಾಗ ಕರಣೆ ಕೆಳಗಿಟ್ಟದ್ದು ಅದಕ್ಕೇ.

"ಓಬವ್ವ, ಕೀಲಿ ತಗೊಂಡು ಸಂಘದ ಬಾಗಿಲು ತೆಗಿ! ಕುಡಿಯೋ ನೀರಿನ ಕ್ಯಾನ್ ತಾ, ಇದ್ದಷ್ಟೂ ತಾ! ಅಬ್ಬಾನ ಗಾರೆ ಡ್ರಮ್ಮಿನ ನೀರು ಬ್ಯಾಡ, ಅದರಾಗ ಸುಣ್ಣ ಐತೆ!"

ಹೇಳುತ್ತಲೇ ಅವಳು ದುಪಟ್ಟಾ ಎಳೆದು ಅಂಜನಕುಮಾರನ ಮುಖದ ಒಣ ಪುಡಿಯನ್ನು ಝಾಡಿಸಲು ನುಗ್ಗಿದಳು. ಅವನು ಕುರುಡಾಗಿ ಬೀಸಿದ ಮುಷ್ಟಿ ಅವಳ ಪಕ್ಕೆಗೆ ಬಿತ್ತು. ಉಸಿರು ಕಟ್ಟಿದರೂ ಬಿಡದೆ ಎರಡು ಸಲ, ಮೂರು ಸಲ ಝಾಡಿಸಿದಳು. ಅಷ್ಟರಲ್ಲಿ ಅಬ್ರಾರ್ ಅವಳ ಜಡೆ ಹಿಡಿದು ಎಳೆದು ಗೋಡೆಗೆ ಬಡಿದ.

"ಏನ್ ಹಾಕ್ದೆ? ಏನ್ ಹಾಕ್ದೆ ಅಣ್ಣಂಗೆ?"

"ಸುಣ್ಣ. ಬಿಡು ನನ್ನ, ನೀರು ಹಾಕ್ಬೇಕು!"

"ಸುಣ್ಣಕ್ಕೆ ನೀರು? ಪೂರ್ತಿ ಬೇಯಿಸಬೇಕಂತ ಮಾಡೀಯೇನು? ನಾನು ಸುಣ್ಣ ಕಂಡಿಲ್ಲೇನು? ನೀರು ಬಿದ್ರೆ ಕುದಿತೈತೆ!"

ಬಾಗಿಲಲ್ಲಿ ಆಗಲೇ ಅಂಗಡಿಯವರು, ಹಮಾಲರು ಹತ್ತಿಪ್ಪತ್ತು ಜನ ಕೂಡಿದ್ದರು. "ಆಸಿಡ್ ಹಾಕ್ಯಾಳಂತೆ!" ಎಂದ ಒಬ್ಬ. "ಯಾರು, ಆ ಸಾಬರ ಹೆಣ್ಮಗಳಾ?" ಎಂದ ಮತ್ತೊಬ್ಬ, ಮೊಬೈಲ್ ಎತ್ತಿ ಹಿಡಿದು. ಯಾರೋ ಪಕ್ಕದ ಅಂಗಡಿಯಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದರು. ಎಲೆ ಅಡಿಕೆಯ ಸುಣ್ಣ ಬಾಯಿ ಸುಟ್ಟರೆ ಎಣ್ಣೆ ಸವರುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು. ಹಾರೆ ತಂದಿದ್ದ ಆಳು ಅಂಜನಕುಮಾರನ ಮುಖದ ಮೇಲೆ ಎಣ್ಣೆ ಸುರಿದ. ಪುಡಿ ಎಣ್ಣೆಯಲ್ಲಿ ಕಲಸಿ ರೆಪ್ಪೆಗೆ ಅಂಟಿಕೊಂಡಿತು.

"ಎಣ್ಣೆ ಬ್ಯಾಡ! ಅದು ಒಳಗೇ ಕೂಡ್ತೈತೆ!" ಮಹೀನ್ ಅಬ್ರಾರನ ಮಣಿಕಟ್ಟಿಗೆ ಹಲ್ಲು ಊರಿದಳು. ಮುರಿದ ಹಲ್ಲಿನ ಚೂಪು ಅವನ ಚರ್ಮ ಸೀಳಿತು. ಅವನು ಕೆನ್ನೆಗೆ ಹೊಡೆದ, ಆದರೆ ಜಡೆ ಬಿಡಲಿಲ್ಲ. ಓಬವ್ವ ಇಪ್ಪತ್ತು ಲೀಟರಿನ ಕ್ಯಾನನ್ನು ಉರುಳಿಸಿಕೊಂಡು ಬಂದು ನಿಂತಳು. ಮುಂದೆ ಬರಲು ಅವಳಿಗೂ ಭಯ. ಹನ್ನೊಂದು ಗಂಟೆ. ಸುಣ್ಣ ಬಿದ್ದು ಮೂರು ನಿಮಿಷ ಹೋಗಿತ್ತು. ಮಹೀನ್ ಒಂದೊಂದು ನಿಮಿಷವನ್ನೂ ಆ ಕಣ್ಣಿನ ಒಂದೊಂದು ಪದರವಾಗಿ ಎಣಿಸುತ್ತಿದ್ದಳು.

ಮೌಲಾ ಸಾಬ್ ಅಂಬೆಗಾಲಿಟ್ಟು ಬಂದರು. ಎಡದ ಬಾಂಡ್ಲಿಯಿಂದ ಎರಡು ಬೆರಳಿನಲ್ಲಿ ಚಿಟಿಕೆ ಪುಡಿ ತೆಗೆದು, ಎಲ್ಲರೂ ನೋಡುವಂತೆ ನಾಲಗೆ ಚಾಚಿ ಅದರ ಮೇಲಿಟ್ಟುಕೊಂಡರು. ಗಾರೆಯವರು ಸುಣ್ಣ ಪೂರ್ತಿ ಅರಳಿದೆಯೋ ಇಲ್ಲವೋ ನೋಡುವುದು ಹೀಗೆಯೇ. ಆಮೇಲೆ ಕ್ಯಾನಿನ ಮುಚ್ಚಳ ಕಿತ್ತು, ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿ, ಅಬ್ರಾರನ ಕಡೆ ಬಾಯಿ ತೆರೆದು ತೋರಿಸಿದರು.

"ದೇಖ್ ಬೇಟಾ. ಕುದಿತೇನು? ಹೊಗೆ ಬಂತೇನು?" ಗಂಟಲು ಗರಗಸದಂತಿತ್ತು. "ನಮ್ಮ ಹಿತ್ತಲದಾಗ ಎರಡು ತಿಂಗಳ ಹಿಂದೆ ಅರಳಿಸಿದ್ದಿದು. ಅದರ ಕುದಿ ಅವತ್ತೇ ಮುಗಿದೈತೆ. ಇನ್ನ ಕುದಿಯಲ್ಲ. ಆದ್ರೆ ತಿಂತೈತೆ. ನಿಮ್ಮಣ್ಣನ ಕಣ್ಣು ತಿಂತೈತೆ. ಅವಳು ತೊಳೀಲಿ, ಬಿಡು."

ಅಬ್ರಾರ್ ಆ ನಾಲಗೆಯನ್ನು ನೋಡಿದ. ಜಡೆ ಬಿಟ್ಟ. "ಏನ್ ಮಾಡ್ಬೇಕು ಹೇಳ್ರಿ," ಎಂದ.

"ಕೆಡವು ಅವರನ್ನ. ಮ್ಯಾಲೆ ಕೂಡ್ರು," ಎಂದಳು ಮಹೀನ್.

ಮುಂದಿನದು ಹೊಡೆದಾಟಕ್ಕಿಂತ ಕ್ರೂರವಾಗಿತ್ತು. ಅಬ್ರಾರ್ ತನ್ನ ಯಜಮಾನನ ಕಾಲಿಗೆ ಕಾಲು ಕೊಟ್ಟು ಬೀಳಿಸಿ ತೊಡೆಗಳ ಮೇಲೆ ಕೂತ. ಎಣ್ಣೆ ಸುರಿದವನು ಎರಡೂ ತೋಳು ತುಳಿದು ಹಿಡಿದ. ತಲೆಯನ್ನು ಹಿಡಿಯುವವರು ಬೇಕಿತ್ತು. ಮುರುಗೇಶಪ್ಪನವರು, ಶಲ್ಯವನ್ನು ತಲೆಗೆ ಬಿಗಿದು ಕಟ್ಟಿಕೊಂಡು, ಕಿವಿಯ ಮೇಲಿಂದ ರಕ್ತ ಇಳಿಯುತ್ತಿದ್ದಂತೆಯೇ ಬಂದು ಕೂತು, ತಮ್ಮನ ಮಗನ ತಲೆಯನ್ನು ಎರಡು ಮೊಣಕಾಲ ನಡುವೆ ಇರುಕಿಸಿಕೊಂಡರು.

"ಅಂಜನಿ, ಕಣ್ ಬಿಡಪ್ಪಾ."

"ಬಿಡಲ್ಲ! ಎಲ್ಲಾರನ್ನೂ ಕೊಲ್ತೀನಿ!"

"ಆಮ್ಯಾಲೆ ಕೊಲ್ಲುವಂತೆ. ಈಗ ಕಣ್ ಬಿಡು."

ಅವನು ಬಿಡಲಿಲ್ಲ. ಬಿಡುವುದು ಅವನ ಕೈಯಲ್ಲೂ ಇರಲಿಲ್ಲ. ರೆಪ್ಪೆಗಳು ತಾವೇ ಮುಷ್ಟಿಯಂತೆ ಬಿಗಿದಿದ್ದವು. ಮಹೀನ್ ಎರಡು ಹೆಬ್ಬೆರಳಿನಿಂದ ಎಡಗಣ್ಣಿನ ರೆಪ್ಪೆ ಹರಿಯುತ್ತದೇನೋ ಎನ್ನುವಷ್ಟು ಬಲ ಹಾಕಿ ತೆರೆದಳು. ಒಳಗೆ ಬೆಣ್ಣೆಯಂಥ ಬಿಳಿ. ಓಬವ್ವ ಚೊಂಬಿನಿಂದ ನೀರು ಬಿಟ್ಟಳು. ಹನ್ನೊಂದು ಗಂಟೆ ಮೂರು ನಿಮಿಷ. ಅಂಜನಕುಮಾರನ ಬೆನ್ನು ಬಿಲ್ಲಿನಂತೆ ನೆಲ ಬಿಟ್ಟೆದ್ದಿತು. ಅಬ್ರಾರನೂ ಅದರ ಜೊತೆ ಎದ್ದು ಬಿದ್ದ. ಮಹೀನ್ ದುಪಟ್ಟಾದ ಮೂಲೆಯನ್ನು ಬತ್ತಿಯಂತೆ ಹೊಸೆದು, ಮೇಲಿನ ರೆಪ್ಪೆ ಮಗುಚಿ, ಎಣ್ಣೆಗೆ ಅಂಟಿದ ಸುಣ್ಣವನ್ನು ಉಗುರಿನಷ್ಟು, ಸಾಸಿವೆಯಷ್ಟು, ಹೊರಕ್ಕೆ ತೆಗೆದಳು. ಮತ್ತೆ ನೀರು. ಬಲಗಣ್ಣು. ಮತ್ತೆ ನೀರು.

"ನಿಲ್ಲಿಸ್ರೇ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಕೂಗುತ್ತಿದ್ದವನು ಒಮ್ಮೆಲೇ ತಲೆ ತಿರುಗಿಸಿ ಅವಳ ಹೆಬ್ಬೆರಳ ಬುಡವನ್ನು ಕಚ್ಚಿದ. ಎಲುಬಿಗೆ ಹಲ್ಲು ತಾಗಿದ್ದು ಅವಳಿಗೆ ಕೇಳಿಸಿತು. ಮುರುಗೇಶಪ್ಪನವರು ಅವನ ದವಡೆ ಹಿಂಡಿ ಬಿಡಿಸಿದರು. ಅವಳು ರಕ್ತವನ್ನು ಕುರ್ತಾಗೆ ಒರೆಸಿಕೊಂಡು ಮತ್ತೆ ರೆಪ್ಪೆ ತೆರೆದಳು. ಸಂಘದ ಮೂರು ಕ್ಯಾನ್ ಮುಗಿದವು. ಬಾಗಿಲಲ್ಲಿದ್ದವರಲ್ಲಿ ಕೆಲವರು ಮೊಬೈಲ್ ಒಳಗಿಟ್ಟು ಅಂಗಡಿಗಳಿಂದ ಕ್ಯಾನ್ ಹೊತ್ತು ತಂದರು. ಇನ್ನು ಕೆಲವರು ವಿಡಿಯೋ ಮಾಡುತ್ತಲೇ ಇದ್ದರು. ಅಂಗಡಿಯವರು ಕರೆಸಿದ ಆಂಬುಲೆನ್ಸ್ ಬಂದಾಗ ಹನ್ನೊಂದು ಮೂವತ್ತೆಂಟು. ಮೂವತ್ತೈದು ನಿಮಿಷ, ಏಳು ಕ್ಯಾನ್.

ಆಂಬುಲೆನ್ಸಿನಲ್ಲಿಯೂ ಅವಳು ಚೊಂಬು ಬಿಡಲಿಲ್ಲ. ಹನ್ನೆರಡಕ್ಕೆ ಸಮಿತಿಯವರು ಬಂದಾಗ ಅಲ್ಲಿದ್ದುದು ಮಡುಗಟ್ಟಿದ ನೀರು, ರಕ್ತ, ಇಬ್ಬರು ಪೊಲೀಸರು. ಬೆಂಗಳೂರಿನವರು ಕಾರಿನಿಂದ ಇಳಿಯಲಿಲ್ಲವೆಂದು ಆಮೇಲೆ ಓಬವ್ವ ಹೇಳಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಡಾ. ಫಿರ್ದೌಸ್ ಎಂಬ ವೈದ್ಯೆ ರೆಪ್ಪೆಯೊಳಕ್ಕೆ ಸಣ್ಣ ಕಾಗದದ ಪಟ್ಟಿ ತಾಗಿಸಿ ಬಣ್ಣ ನೋಡಿದರು. ಎಡಗಣ್ಣಿನ ಪಿಎಚ್ ಹತ್ತು, ಬಲಗಣ್ಣಿನದು ಎಂಟೂವರೆ. ಏಳೂವರೆಗೆ ಇಳಿಯುವವರೆಗೆ ಕೊಳವೆಯಿಂದ ಲವಣದ ನೀರು ಹರಿಯಬೇಕು. "ತೊಳೆದವರು ಯಾರು?" ಎಂದು ಕೇಳಿದರು. ಮಹೀನ್ ಕೈ ಎತ್ತಿದಳು. "ಹಾಕಿದವರು?" ಅವಳು ಎತ್ತಿದ ಕೈ ಇಳಿಸಲಿಲ್ಲ.

ವೈದ್ಯೆ ಅವಳ ಹರಿದ ಬಾಯಿಯನ್ನು, ಕಚ್ಚಿದ ಕೈಯನ್ನು ನೋಡಿದರು. "ಅವರ ಮುಖದ ಎಡಭಾಗ ನಿಮ್ಮ ಕಡೆ ಇತ್ತು ಅಲ್ವಾ? ಎಡಗಣ್ಣು ಹೋಗಿದೆ. ಪಾಪೆ ಹಾಲಿನ ಹಾಗಾಗಿದೆ. ಬಲಗಣ್ಣು ಈಗಲೇ ಹೇಳೋಕಾಗಲ್ಲ. ಸಂಜೆ ನೋಡೋಣ."

ಮೂರು ಗಂಟೆಗೆ ಅಂಜನಕುಮಾರನ ಹೆಂಡತಿ ಮೀನಾಕ್ಷಿ ನಿಜಲಿಂಗಪ್ಪ ಬಡಾವಣೆಯಿಂದ ಓಡಿ ಬಂದಳು. ಕಾರಿಡಾರಿನಲ್ಲಿ ನಿಂತವರನ್ನೆಲ್ಲ ಒಮ್ಮೆ ನೋಡಿ, ಕುರ್ತಾ ತುಂಬ ಸುಣ್ಣವಿದ್ದ ಹೆಂಗಸು ಯಾರೆಂದು ಯಾರೂ ಹೇಳದೆಯೇ ತಿಳಿದು, ಹತ್ತಿರ ಬಂದು ಕಪಾಳಕ್ಕೆ ಹೊಡೆದಳು. ಬಳೆ ಒಡೆದು ಮಹೀನಳ ಕೆನ್ನೆ ಗೀರಿತು. ಮತ್ತೊಮ್ಮೆ ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈಯನ್ನು ಮಹೀನಳ ಕಾವಲಿಗಿದ್ದ ಮಹಿಳಾ ಪೇದೆ ಹಿಡಿದಳು.

"ಬಿಡ್ರಿ ಅವರನ್ನ," ಎಂದಳು ಮಹೀನ್.

ಮೀನಾಕ್ಷಿಯ ಕೈ ಇಳಿಯಿತು. "ನೀನು ಕೆಮಿಸ್ಟ್ರಿ ಟೀಚರಂತೆ. ನಿನಗೆ ಗೊತ್ತಿರಬೇಕಲ್ಲ. ಕಣ್ಣು ಬರ್ತೈತೇನು, ಹೇಳು."

"ಒಂದು ಬರಲ್ಲ. ಇನ್ನೊಂದು ಗೊತ್ತಿಲ್ಲ ನನಗೆ."

ಮೀನಾಕ್ಷಿ ಅವಳ ಪಕ್ಕದಲ್ಲೇ, ಬೆಂಚಿನ ಮೇಲೆ ಕೂತುಬಿಟ್ಟಳು. ಬೇರೆ ಜಾಗವೂ ಇರಲಿಲ್ಲ.

ನಾಲ್ಕೂವರೆ ಹೊತ್ತಿಗೆ ಸಬ್ ಇನ್‌ಸ್ಪೆಕ್ಟರ್ ಬಂದರು. ಅವರು ಬಾಯಿ ತೆರೆಯುವ ಮೊದಲೇ ಮೌಲಾ ಸಾಬ್ ಎದ್ದರು. ಗಂಟಲ ಮೇಲೆ ಹೆಬ್ಬೆರಳಗಲದ ನೀಲಿ ಪಟ್ಟೆ. "ನಾನೇ ಹಾಕಿದ್ದು ಸಾಹೇಬ್ರೆ. ನನ್ನ ಸುಣ್ಣ, ನನ್ನ ಕೈ." ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡಿದ್ದ ಮುರುಗೇಶಪ್ಪನವರು ಕೂಡಲೇ, "ಯಾರೂ ಹಾಕಿಲ್ರಿ. ಜಗಳದಾಗ ಬಾಂಡ್ಲಿ ಉರುಳ್ತು. ನಾನ್ ಕಣ್ಣಾರೆ ಕಂಡೀನಿ," ಎಂದರು. ಇಬ್ಬರು ಮುದುಕರು ಎರಡು ಸುಳ್ಳು ಹೇಳಿ ಒಬ್ಬರನ್ನೊಬ್ಬರು ಸಿಟ್ಟಿನಿಂದ ನೋಡಿದರು.

"ಅಬ್ಬಾ, ಬಲಗೈ ಎತ್ತಿ ತೋರಿಸ್ರಿ," ಎಂದಳು ಮಹೀನ್. ಅವರು ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. "ಎಡಗೈ ಸಮ್ಮಟಿಗೆ ಹಿಡಿದಿತ್ತು. ಬಾಂಡ್ಲಿ ಉರುಳಿಲ್ಲ, ಇನ್ನೂ ಅಲ್ಲೇ ಐತೆ, ಹೋಗಿ ನೋಡ್ರಿ. ನಾನು ಹಾಕಿದ್ದು ಸರ್. ಮಾರ್ಬಲ್ ಪುಡಿ ಅಂತ ತಿಳಿದು ಹಾಕಿದೆ. ಕಣ್ಣಿಗೇ ಬೀಳ್ಲಿ ಅಂತಾನೇ ಹಾಕಿದೆ. ಎರಡನ್ನೂ ಬರ್ಕೊಳ್ರಿ."

"ಯಾಕ ಹೇಳ್ತಿ ಮಾ?" ಎಂದು ಮೌಲಾ ಸಾಬ್ ಗೋಡೆಗೆ ತಲೆ ಆನಿಸಿದರು.

"ಅವರ ಕಣ್ಣು ಹೋಗೈತೆ ಅಬ್ಬಾ. ಯಾರ ಕೈಯಿಂದ ಹೋತು ಅಂತಾನಾದ್ರೂ ಅವರಿಗೆ ಸರಿಯಾಗಿ ತಿಳೀಲಿ."

ಸಬ್ ಇನ್‌ಸ್ಪೆಕ್ಟರ್ ಬರೆದುಕೊಂಡರು. ಪೇದೆ ಅವಳ ತೋಳು ಮುಟ್ಟಿ, "ಠಾಣೆಗೆ ಬರ್ರಿ ಮೇಡಂ," ಎಂದಳು. ಅದೇ ಹೊತ್ತಿಗೆ ಒಳಗಿನಿಂದ ದಾದಿ ಮೀನಾಕ್ಷಿಯನ್ನು ಕರೆದಳು. ಬಲಗಣ್ಣಿನ ಪರೀಕ್ಷೆಯಿತ್ತು. "ಐದೇ ನಿಮಿಷ," ಎಂದಳು ಮಹೀನ್, "ಇದೊಂದು ತಿಳಕೊಂಡು ಬರ್ತೀನಿ." ಸಬ್ ಇನ್‌ಸ್ಪೆಕ್ಟರ್ ಗಡಿಯಾರ ನೋಡಿ ತಲೆಯಾಡಿಸಿದರು. ಅವಳು ಬಾಗಿಲ ಚೌಕಟ್ಟಿನ ಹೊರಗೇ ನಿಂತಳು.

ಅಂಜನಕುಮಾರ ಮಂಚದ ಮೇಲೆ ಕೂತಿದ್ದ. ಎಡಗಣ್ಣಿಗೆ ಪಟ್ಟಿ. ಬಲಗಣ್ಣು ಮಾಂಸದ ಗಾಯದಂತೆ ಕೆಂಪಗೆ ತೆರೆದಿತ್ತು. ಬೆಳಿಗ್ಗೆ ಕಂಬಕ್ಕೆ ಬೀಸಿದ ತೋಳುಗಳು ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದವು. ಡಾ. ಫಿರ್ದೌಸ್ ಅವನ ಮೂಗಿನ ಮುಂದೆ ಬೆರಳು ಹಿಡಿದರು.

"ಎಷ್ಟು?"

"ಎರಡು."

ವೈದ್ಯೆ ನೆಲದ ಒಂದು ಟೈಲ್‌ನಷ್ಟು ಹಿಂದೆ ಸರಿದರು. "ಈಗ?"

"ನಾಲ್ಕು."

ಎರಡು ಟೈಲ್. "ಒಂದು." ಮೂರು ಟೈಲ್. ಅವನು ಕತ್ತು ಮುಂದೆ ಚಾಚಿ, ಹಣೆಯ ನರ ಉಬ್ಬಿಸಿ ನೋಡಿದ. "ಐದು... ಐದೇ." ಮೀನಾಕ್ಷಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಐದನೇ ಟೈಲ್‌ಗೆ ಹೋದಾಗ ಅವನು ಕಣ್ಣು ಕಿರಿದು ಮಾಡಿ ಕತ್ತನ್ನು ಆಚೀಚೆ ತಿರುಗಿಸಿದ.

"ಬರೀ ಬಿಳಿ," ಎಂದ ಕಡೆಗೆ. "ಡಾಕ್ಟ್ರೇ, ಬರೀ ಬಿಳಿ ಕಾಣ್ತೈತ್ರಿ." ಮಂಚದ ಕಬ್ಬಿಣವನ್ನು ಹಿಡಿದು ಅದನ್ನು ಗೋಡೆಗೆ ಬಡಿಯತೊಡಗಿದ. ಒಮ್ಮೆ, ಎರಡು ಸಲ, ಮೇಲೆ ತೂಗುತ್ತಿದ್ದ ದೀಪ ಅಲುಗಾಡುವಷ್ಟು. ದಾದಿ ಹಿಡಿಯಲು ಹೋಗಿ ಹಿಂದೆ ಸರಿದಳು. ವೈದ್ಯೆ ಕಾದರು. ಅವನ ಕೈ ಸೋತ ಮೇಲೆ ಒಂದು ಟೈಲ್ ಮುಂದೆ, ನಾಲ್ಕನೆಯದಕ್ಕೆ ಬಂದು, ಬೆರಳು ಬದಲಿಸಿ, ಮತ್ತೆ ಕೇಳಿದರು.

"ಎಷ್ಟು?"

"ಮೂರು."

"ಸರಿ ಇದೆ."

ಟೈಲ್ ಒಂದರ ಉದ್ದ ಅರವತ್ತು ಸೆಂಟಿಮೀಟರ್. ದಾದಿ ಕೇಸ್ ಹಾಳೆಯಲ್ಲಿ ಬರೆದಳು: ಬಲಗಣ್ಣು, ಬೆರಳೆಣಿಕೆ, 2.4 ಮೀಟರ್.